ಹಳದಿ ನೋಟೀಸಿನ ಜಾಡು

ಹೊಸೂರಿನ ಪೇಟೆಯಲ್ಲಿ ಒಬ್ಬ ವರ್ತಕನ ಕೈ ಬರಿದಾಯಿತೆಂಬ ಸುದ್ದಿ ಮೂರು ಭಾಷೆಗಳಲ್ಲಿ ಹರಡುತ್ತದೆ. ಕನ್ನಡದವರು ‘ಪಾಪರ್ ಆದ’ ಎನ್ನುತ್ತಾರೆ. ತೆಲುಗಿನವರು ‘ಐ.ಪಿ. ಪೆಟ್ಟಾಡು’ ಎನ್ನುತ್ತಾರೆ. ತಮಿಳಿನವರ ಬಾಯಲ್ಲಿ ಅದು ‘ಮಂಜಳ್ ನೋಟೀಸ್’, ಅಂದರೆ ಹಳದಿ ನೋಟೀಸು. ಮೂರಕ್ಕೂ ಒಂದೇ ಅರ್ಥವೆಂದು ಜನ ಭಾವಿಸಿದ್ದಾರೆ. ನ್ಯಾಯಾಲಯದ ಕಡತದಲ್ಲಿ ಹಾಗಿಲ್ಲ. ಪಾಪರ್ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಿಂದ ಬಂದ ಮಾತು. ದಾವೆ ಹೂಡಲು ಕೋರ್ಟ್ ಶುಲ್ಕ ಕಟ್ಟಲಾಗದ ಬಡವನಿಗೆ ಅಲ್ಲಿ ಆ ಹೆಸರಿತ್ತು. 1976ರ ತಿದ್ದುಪಡಿಯಲ್ಲಿ ಆ ಪದವನ್ನೇ ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂಬರ್ಥದ ಪದವನ್ನು ಇಡಲಾಯಿತು. ಅವನು ಯಾರಿಗೂ ಸಾಲಗಾರನಾಗಿರಬೇಕಾಗಿಲ್ಲ. ಐ.ಪಿ. ಎಂಬುದು ದಿವಾಳಿ ಅರ್ಜಿ, ಅರ್ಜಿ ಮಾತ್ರ. ಹಳದಿ ನೋಟೀಸು ಆ ಅರ್ಜಿಯ ತಿಳಿವಳಿಕೆ ಪತ್ರ. ನ್ಯಾಯಾಲಯವು ಏನು ತೀರ್ಮಾನಿಸಿತು ಎಂಬುದನ್ನು ಈ ಮೂರು ಮಾತುಗಳಲ್ಲಿ ಒಂದೂ ಹೇಳುವುದಿಲ್ಲ.

ಈ ವ್ಯತ್ಯಾಸಕ್ಕೆ ಬೆಲೆ ತೆರಬೇಕಾಗುವ ಸಂದರ್ಭ ಹೇಗಿರುತ್ತದೆಂಬುದಕ್ಕೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಸಿಪ್ಕಾಟ್‌ನ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ. ಎತ್ತಿದ ಚೀಟಿಯ ಹಣ, ಒಡವೆ ಮಾರಿದ ಹಣ ಸೇರಿಸಿ ಬಾಗಲೂರು ರಸ್ತೆಯ ಕಡೆ ಒಂದು ನಿವೇಶನ ಕೊಳ್ಳುವ ಮಾತುಕತೆ ನಡೆದಿದೆ. ಮಾರುವವರು ಪೇಟೆಯಲ್ಲಿ ಅಂಗಡಿ ಇಟ್ಟವರು. ಶುಕ್ರವಾರ ಮುಂಗಡ ಕೊಡಬೇಕು. ಬುಧವಾರ ಚಹಾದಂಗಡಿಯಲ್ಲಿ ಯಾರೋ ‘ಆತ ಐ.ಪಿ. ಹಾಕಿದ್ದಾನಂತೆ’ ಎನ್ನುತ್ತಾರೆ. ಋಣಭಾರ ಪತ್ರ, ಅಂದರೆ ಸ್ಥಳೀಯರು ವಿಲ್ಲಂಗಂ ಎನ್ನುವ ಇ.ಸಿ., ತೆಗೆಸಿ ನೋಡಿದರೆ ಅದರಲ್ಲಿ ಒಂದು ಚುಕ್ಕೆಯೂ ಇಲ್ಲ.

ಇ.ಸಿ. ತೋರಿಸುವುದು ನೋಂದಣಿ ಕಚೇರಿಯ ಪುಸ್ತಕಕ್ಕೆ ಬಂದ ಕ್ರಯ, ಅಡಮಾನ, ದಾನ, ವಿಭಾಗಗಳನ್ನು. ಕಳೆದ ವಾರ ನ್ಯಾಯಾಲಯಕ್ಕೆ ಸಲ್ಲಿಕೆಯಾದ ಅರ್ಜಿಯನ್ನು ಅದು ತೋರಿಸಲಾರದು. ಆದರೆ ಆ ಅರ್ಜಿಗೆ ಇರುವ ಬಲ ಸಣ್ಣದಲ್ಲ. 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯ 28ನೆಯ ಕಲಮಿನಂತೆ, ಒಬ್ಬನನ್ನು ದಿವಾಳಿಯೆಂದು ಘೋಷಿಸಿದೊಡನೆ ಅವನ ಆಸ್ತಿ ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ರಿಸೀವರಿಗೆ ಸೇರುತ್ತದೆ. ಅದೂ ಘೋಷಣೆಯ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನದಿಂದ. ಘೋಷಣೆಗೆ ಮೊದಲು, ಅರ್ಜಿಯ ಸುಳಿವಿಲ್ಲದೆ, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವನಿಗೆ 55ನೆಯ ಕಲಮು ರಕ್ಷಣೆ ನೀಡುತ್ತದೆ ಎಂಬುದು ನಿಜ. ಚಹಾದಂಗಡಿಯಲ್ಲಿ ಮಾತನ್ನು ಕೇಳಿದ ಮೇಲೂ ‘ನನಗೆ ತಿಳಿದಿರಲಿಲ್ಲ’ ಎಂದು ಆತ ಹೇಳಬಲ್ಲನೇ ಎಂಬುದು ಬೇರೆ ಪ್ರಶ್ನೆ. 53ನೆಯ ಕಲಮು ಇನ್ನೂ ಹಿಂದಕ್ಕೆ ಹೋಗುತ್ತದೆ. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಸಾಲಗಾರನು ಬೆಲೆ ಪಡೆಯದೆ ಹೆಂಡತಿಯ ಹೆಸರಿಗೋ ಭಾವಮೈದುನನ ಹೆಸರಿಗೋ ಬರೆದುಕೊಟ್ಟ ಆಸ್ತಿಯನ್ನು ರಿಸೀವರು ಪ್ರಶ್ನಿಸಬಹುದು. ಆದ್ದರಿಂದ ಮಾರುವವನ ಹೆಸರನ್ನಷ್ಟೇ ಅಲ್ಲ, ಅವನಿಗೆ ಬರೆದುಕೊಟ್ಟವನ ಹೆಸರನ್ನೂ ಹುಡುಕಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 2016ರ ದಿವಾಳಿತನ ಸಂಹಿತೆ ಬಂದ ಮೇಲೆ ಹಳೆಯ ಕಾಯ್ದೆ ಸತ್ತುಹೋಯಿತೆಂದು ಓದುಬಲ್ಲವರೂ ನಂಬಿದ್ದಾರೆ. ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ ಮೂರನೆಯ ಭಾಗವು 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳಿಗೆ ಮಾತ್ರ. ಅಂಗಡಿಯವನು, ರೈತ, ಲಾರಿ ಮಾಲೀಕ, ಹೂವಿನ ವ್ಯಾಪಾರಿ ಇವರೆಲ್ಲ ಇಂದಿಗೂ 1920ರ ಕಾಯ್ದೆಯ ಕೆಳಗೆಯೇ ಇದ್ದಾರೆ. ಆ ಕಾಯ್ದೆ ಬರೆದಾಗ ಅರ್ಜಿಗೆ ನಿಗದಿಯಾದ ಕನಿಷ್ಠ ಸಾಲ 500 ರೂಪಾಯಿ. ಅಂದು ಅದು ಒಂದು ಸಂಸಾರದ ಗಂಟು. ಇಂದು ಒಂದು ಶಾಲಾಚೀಲದ ಬೆಲೆ.

ಸಾಲಗಾರನು ವಾಸವಾಗಿರುವ ಅಥವಾ ವ್ಯಾಪಾರ ಮಾಡುವ ಸ್ಥಳದ ಮೇಲೆ ಅಧಿಕಾರವುಳ್ಳ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಬೇಕು. ಮೂಲತಃ ಅದು ಜಿಲ್ಲಾ ನ್ಯಾಯಾಲಯದ ಅಧಿಕಾರ. ಸರಕಾರವು ಅಧಿಕಾರ ನೀಡಿದಲ್ಲಿ ಅಧೀನ ನ್ಯಾಯಾಲಯವೂ ಅಂಥ ಅರ್ಜಿಯನ್ನು ವಿಚಾರಿಸಬಹುದು. ಆದ್ದರಿಂದ ಹೊಸೂರಿನ ಸಬ್ ಕೋರ್ಟು, ಕೃಷ್ಣಗಿರಿಯ ಜಿಲ್ಲಾ ನ್ಯಾಯಾಲಯ ಎರಡನ್ನೂ ನೋಡಬೇಕು. ಮಾರುವವನ ಅಂಗಡಿ ಹೊಸೂರಿನಲ್ಲಿದ್ದು ಮನೆ ಅತ್ತಿಬೆಲೆಯಲ್ಲಿದ್ದರೆ ಆನೇಕಲ್ಲಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಬೇಕು. ಗಡಿಯ ಊರಿನಲ್ಲಿ ಸಾಲವು ಯಾವ ರಾಜ್ಯದ್ದೆಂದು ನೋಡಿ ಬರುವುದಿಲ್ಲ.

ಹುಡುಕಾಟಕ್ಕೆ ಈಗ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿಯೂ ಅದರ ಮೊಬೈಲ್ ಆಪ್‌ನಲ್ಲಿಯೂ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣಗಳನ್ನು ಆರಿಸಿ ಪಕ್ಷಗಾರನ ಹೆಸರು ಮತ್ತು ವರ್ಷವನ್ನು ಕೊಟ್ಟರೆ ಪ್ರಕರಣಗಳ ಪಟ್ಟಿ ಬರುತ್ತದೆ. ಹಣ ಕಟ್ಟಬೇಕಾಗಿಲ್ಲ. ಹೆಸರಿನ ಕನಿಷ್ಠ ಮೂರು ಅಕ್ಷರಗಳಾದರೂ ಬೇಕು. ವರ್ಷ ಒಂದೊಂದನ್ನೇ ಬದಲಿಸುತ್ತ ಐದಾರು ವರ್ಷ ಹಿಂದಕ್ಕೆ ಹೋಗಬೇಕು. ಬಾಕಿ ಇರುವ ಪ್ರಕರಣಗಳನ್ನೂ ಇತ್ಯರ್ಥವಾದವನ್ನೂ ನೋಡಬೇಕು.

ಕನ್ನಡದ ಕುಟುಂಬಗಳು ಎಡವುವುದು ಹೆಸರಿನಲ್ಲಿ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ತ, ದ ಎರಡಕ್ಕೂ ಒಂದೇ. ತಮಿಳಿನಲ್ಲಿದ್ದ ಪತ್ರವನ್ನು ನೋಡಿ ಯಾರೋ ಇಂಗ್ಲಿಷಿನ ಅಕ್ಷರಗಳಲ್ಲಿ ಹೆಸರು ದಾಖಲಿಸುವಾಗ ಬಸಪ್ಪನು ಪಸಪ್ಪನಾಗಬಹುದು, ಗೋವಿಂದಪ್ಪನು ಕೋವಿಂದಪ್ಪನಾಗಬಹುದು. ಹನುಮಂತಪ್ಪನ ಹಕಾರ ಹಾರಿಹೋಗಿ ಅನುಮಂತಪ್ಪ ಉಳಿಯಬಹುದು. ಮುನಿಯಪ್ಪನಿಗೆ ಕೊನೆಯಲ್ಲಿ ನಕಾರ ಸೇರಿ ಮುನಿಯಪ್ಪನ್, ವೆಂಕಟೇಶನು ವೆಂಕಟೇಶನ್. ಇನಿಷಿಯಲ್ ಹೆಸರಿನ ಹಿಂದೆ ಹೋಗಬಹುದು, ಮುಂದೆ ಬರಬಹುದು, ಬಿಟ್ಟೇ ಹೋಗಬಹುದು. ಗೌಡ ಎಂಬುದು ಪಟ್ಟಾದಲ್ಲಿ ಇದ್ದು ಅರ್ಜಿಯಲ್ಲಿ ಇಲ್ಲದಿರಬಹುದು. ಪೂರ್ತಿ ಹೆಸರು ಬರೆದು ‘ಏನೂ ಇಲ್ಲ’ ಎಂಬ ಉತ್ತರ ಪಡೆದು ನಿಟ್ಟುಸಿರು ಬಿಟ್ಟವರಿಗೆ ಆ ನೆಮ್ಮದಿ ಸಲ್ಲದು. ಹೆಸರಿನ ಆರಂಭದ ನಾಲ್ಕು ಅಕ್ಷರಗಳಷ್ಟನ್ನೇ ಕೊಟ್ಟು, ಒಮ್ಮೆ ಬಕಾರದಿಂದ, ಒಮ್ಮೆ ಪಕಾರದಿಂದ ಹುಡುಕಬೇಕು. ಇದರ ಮಗ್ಗುಲಲ್ಲೇ ಎದುರು ಅಪಾಯವೂ ಇದೆ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಗಳಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಸಿಗುತ್ತಾರೆ. ತಂದೆಯ ಹೆಸರು, ಊರು, ವಿಳಾಸಗಳು ಪಟ್ಟಾದೊಡನೆ ತಾಳೆಯಾಗದೆ ಯಾರನ್ನೂ ಗುರುತಿಸಬಾರದು. ನೆರೆಯ ಬೀದಿಯ ಅದೇ ಹೆಸರಿನ ಸಜ್ಜನನ ಸಾಲದ ಬಾಗಿಲು ಒಂದು ವಾಟ್ಸಾಪ್ ಸಂದೇಶದಿಂದ ಮುಚ್ಚಿಹೋಗುತ್ತದೆ.

ಪಟ್ಟಿಯಲ್ಲಿ ಐ.ಪಿ. ಮಾತ್ರ ಹುಡುಕಿದರೆ ಅರ್ಧ ಕಥೆ ತಿಳಿಯುತ್ತದೆ. ಸಾಮಾನ್ಯವಾಗಿ ಮೊದಲು ಬರುವುದು ಒ.ಎಸ್., ಸಾಲ ವಸೂಲಿಯ ದಾವೆ. ಡಿಕ್ರಿಯಾದ ಮೇಲೆ ಇ.ಪಿ., ಅಂದರೆ ಅಮಲ್ಜಾರಿ ಅರ್ಜಿ. ಜಪ್ತಿಯೋ ಬಂಧನವೋ ಸಮೀಪಿಸಿದಾಗ ಸಾಲಗಾರನೇ ಐ.ಪಿ. ಹಾಕುತ್ತಾನೆ. ಕಾಯ್ದೆ ಅವನಿಗೆ ಆ ಅವಕಾಶವನ್ನು ತಿಳಿದೇ ಕೊಟ್ಟಿದೆ. ಚೆಕ್ ಮರಳಿದ ಪ್ರಕರಣಗಳು ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಬೇರೆಯಾಗಿ ಇರುತ್ತವೆ. ಐ.ಪಿ. ಇಲ್ಲದಿದ್ದರೂ ಒಂದೇ ಹೆಸರಿನ ಮುಂದೆ ನಾಲ್ಕು ಒ.ಎಸ್., ಎರಡು ಇ.ಪಿ. ಕಂಡರೆ ಮುಂಗಡದ ಹಣ ಬ್ಯಾಂಕಿನಲ್ಲಿಯೇ ಇರುವುದು ಲೇಸು.

ಐ.ಪಿ. ಸಿಕ್ಕಿತೆನ್ನೋಣ. ಪ್ರತಿಯೊಂದು ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಮತ್ತೆ ಹೆಸರಿನ ಗೋಜಿಲ್ಲ. ಆಮೇಲೆ ನೋಡಬೇಕಾದದ್ದು ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು. ಅರ್ಜಿ ವಜಾ ಆಗಿದ್ದರೆ ಆತ ದಿವಾಳಿಯಲ್ಲ. ಘೋಷಣೆಯಾಗಿದ್ದರೆ ಆಸ್ತಿ ಮಾರಲು ಅವನಿಗೆ ಹಕ್ಕಿಲ್ಲ; ಮಾರಬೇಕಾದವರು ರಿಸೀವರು. ಸಾಲವೆಲ್ಲ ತೀರಿದ್ದರಿಂದ ಘೋಷಣೆ ರದ್ದಾಗಿರಬಹುದು. ಅಂಥವನನ್ನು ದಿವಾಳಿಯೆಂದು ಕರೆಯುವುದು ಸುಳ್ಳು. ಬಿಡುಗಡೆಯ ಆದೇಶವಾಗಿದ್ದರೆ ಹಳೆಯ ಸಾಲಗಳಿಂದ ಅವನು ಮುಕ್ತ, ಸರಕಾರದ ಬಾಕಿ ಹಾಗೂ ವಂಚನೆಯಿಂದ ಮಾಡಿದ ಸಾಲಗಳನ್ನು ಬಿಟ್ಟು. ಘೋಷಣೆಯ ಆದೇಶವು ರಾಜ್ಯಪತ್ರದಲ್ಲಿ ಹೆಸರು, ವಿಳಾಸ, ತಾರೀಖುಗಳೊಡನೆ ಪ್ರಕಟವಾಗಬೇಕೆಂಬ ನಿಯಮವೂ 30ನೆಯ ಕಲಮಿನಲ್ಲಿದೆ.

ಸಾಲ ಕೊಟ್ಟು ಕುಳಿತವರಿಗೆ ಇದೇ ದಾಖಲೆ ಇನ್ನೊಂದು ಕಾರಣಕ್ಕೆ ಮುಖ್ಯ. ಘೋಷಣೆಯಾದ ಮೇಲೆ ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತ್ಯೇಕ ದಾವೆ ಹೂಡುವಂತಿಲ್ಲ. ತಮ್ಮ ಸಾಲವನ್ನು ರುಜುವಾತುಪಡಿಸಿ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು. ನೋಟೀಸು ಬಂದಾಗ ‘ಇನ್ನೇನು, ಹೋಯಿತು’ ಎಂದು ಹರಿದೆಸೆದವರಿಗೆ ರಿಸೀವರು ಹಂಚುವಾಗ ಪಾಲು ಇರುವುದಿಲ್ಲ. ಆ ನೋಟೀಸು ಬಹುಮಟ್ಟಿಗೆ ತಮಿಳಿನಲ್ಲಿರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ಮೇಲೆ ಗಡಿಯ ಕನ್ನಡ ಶಾಲೆಗಳಲ್ಲಿ ಎಷ್ಟು ಕಳವಳವಿದ್ದರೂ, ಮನೆಗೆ ಬಂದ ಕೋರ್ಟಿನ ಕಾಗದವನ್ನು ತಂದೆಗೆ ಓದಿ ಹೇಳುವವಳು ಈಗ ಹತ್ತನೆಯ ತರಗತಿಯ ಮಗಳೇ.

ಪರದೆಯ ಮೇಲೆ ಕಂಡದ್ದು ಸುಳಿವು. ಕೈಯಲ್ಲಿರಬೇಕಾದದ್ದು ದೃಢೀಕೃತ ನಕಲು. ಪ್ರಕರಣದ ಪಕ್ಷಗಾರನಲ್ಲದವನು ನಕಲಿಗೆ ಅರ್ಜಿ ಹಾಕುವಾಗ, ತನಗೇಕೆ ಬೇಕೆಂಬುದನ್ನು ಪ್ರಮಾಣಪತ್ರದಲ್ಲಿ ವಿವರಿಸಿ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಾಗುತ್ತದೆ. ನಿವೇಶನ ಕೊಳ್ಳುವ ಮಾತುಕತೆ ಸಾಕಷ್ಟು ಬಲವಾದ ಕಾರಣವೇ. ಹಳೆಯ ಕಡತ ಬೇಕಾದವರು ಜಿಲ್ಲೆಯ ಇತಿಹಾಸವನ್ನೂ ನೆನೆಯಬೇಕು: ಕೃಷ್ಣಗಿರಿ ಜಿಲ್ಲೆಯಾದದ್ದು 2004ರ ಫೆಬ್ರವರಿಯಲ್ಲಿ, ಅದಕ್ಕೆ ಮೊದಲು ಈ ನಾಡು ಧರ್ಮಪುರಿಯಲ್ಲಿತ್ತು, 1965ಕ್ಕೆ ಮೊದಲು ಸೇಲಂನಲ್ಲಿ. ಅಜ್ಜನ ಕಾಲದ ಐ.ಪಿ. ಆ ಊರುಗಳ ದಾಖಲೆಯ ಕೋಣೆಯಲ್ಲಿರಬಹುದು, ಕಂಪ್ಯೂಟರಿನಲ್ಲಿ ಸಿಗದು.

ಕಾರ್ಖಾನೆಯೇ ಮುಳುಗುತ್ತಿದೆಯೆಂಬ ಮಾತು ಬಂದರೆ ದಾರಿ ಬೇರೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಹೊಸೂರಿನ ತುಂಬ ಇವೆ. ಘಟಕವು ಒಬ್ಬನ ಸ್ವಂತದ್ದೋ ಪಾಲುದಾರಿಕೆಯದ್ದೋ ಆಗಿದ್ದರೆ ಮೇಲೆ ಹೇಳಿದ 1920ರ ಕಾಯ್ದೆಯೇ. ಅದು ಕಂಪನಿಯಾಗಿದ್ದರೆ 2016ರ ಸಂಹಿತೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಯಾವ ಪೀಠವೆಂಬುದನ್ನು ನಿರ್ಧರಿಸುವುದು ಕಾರ್ಖಾನೆಯ ಗೇಟಲ್ಲ, ಕಂಪನಿಯ ನೋಂದಾಯಿತ ಕಚೇರಿ. ಅದು ತಮಿಳುನಾಡಿನಲ್ಲಿದ್ದರೆ ಚೆನ್ನೈ ಪೀಠ, ಬೆಂಗಳೂರಿನಲ್ಲಿದ್ದರೆ ಬೆಂಗಳೂರು ಪೀಠ. ಕಂಪನಿಯ ಕಾಗದಗಳ ಮೇಲಿರುವ 21 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಲ್ಲಿ ಏಳನೆಯ, ಎಂಟನೆಯ ಸ್ಥಾನಗಳನ್ನು ನೋಡಿದರೆ ಸಾಕು: ‘ಟಿ.ಎನ್.’ ಇದ್ದರೆ ತಮಿಳುನಾಡು, ‘ಕೆ.ಎ.’ ಇದ್ದರೆ ಕರ್ನಾಟಕ.

ಇಲ್ಲಿಯೂ ಅರ್ಜಿ ಬೇರೆ, ಆದೇಶ ಬೇರೆ. ಮಕ್ಕಳ ಪಾಠಕ್ಕೆಂದು ಅನೇಕ ಮನೆಗಳು ಹಣ ಕಟ್ಟಿದ ಬೈಜೂಸ್‌ನ ಮಾತೃಸಂಸ್ಥೆಯ ಪ್ರಕರಣವನ್ನೇ ನೋಡಬಹುದು. ಕ್ರಿಕೆಟ್ ಮಂಡಳಿಗೆ ಸಲ್ಲಬೇಕಾದ ಸುಮಾರು 158 ಕೋಟಿ ರೂಪಾಯಿಗಾಗಿ ಬೆಂಗಳೂರು ಪೀಠವು 2024ರ ಜುಲೈ 16ರಂದು ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಆಗಸ್ಟ್ 2ರಂದು ಚೆನ್ನೈಯ ಮೇಲ್ಮನವಿ ಪೀಠವು ರಾಜಿಯನ್ನು ಒಪ್ಪಿ ಅದನ್ನು ತಳ್ಳಿಹಾಕಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನೂ ರದ್ದುಪಡಿಸಿತು. ನೂರು ದಿನಗಳೊಳಗೆ ಮೂರು ಸ್ಥಿತಿ. ಆಗಸ್ಟಿನ ಪತ್ರಿಕೆಯ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ನವೆಂಬರಿನಲ್ಲಿ ವಾದಿಸಿದವನು ತಪ್ಪಿದನು.

ಪ್ರಕ್ರಿಯೆ ಆರಂಭವಾದರೆ ಮಧ್ಯಂತರ ವೃತ್ತಿಪರನು ನೇಮಕವಾದ ಮೂರು ದಿನಗಳೊಳಗೆ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು: ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ. ನೋಂದಾಯಿತ ಕಚೇರಿ ತಮಿಳುನಾಡಿನಲ್ಲಿದ್ದರೆ ಆ ಪ್ರಾದೇಶಿಕ ಭಾಷೆ ತಮಿಳೇ. ಕನ್ನಡ ಪತ್ರಿಕೆಯನ್ನು ಮಾತ್ರ ಓದುವ ಕೆಲಸಗಾರನ ಕಣ್ಣಿಗೆ ಅದು ಬೀಳದು. ಅದೇ ಪ್ರಕಟಣೆ ಐ.ಬಿ.ಬಿ.ಐ. ಎಂಬ ದಿವಾಳಿತನ ಮಂಡಳಿಯ ಜಾಲತಾಣದಲ್ಲಿಯೂ ಇರುತ್ತದೆ; ಕಂಪನಿಯ ಹೆಸರು ಕೊಟ್ಟು ನೋಡಬಹುದು. ಬಾಕಿ ಸಂಬಳದ ಬೇಡಿಕೆಯನ್ನು ‘ಡಿ’ ನಮೂನೆಯಲ್ಲಿ ಸಲ್ಲಿಸಬೇಕು. ಪ್ರಕಟಣೆಯಲ್ಲಿ ಕೊಡುವ ಗಡುವು ನೇಮಕದಿಂದ 14 ದಿನ. ಕಂಪನಿ ಕೊನೆಗೆ ಸಮಾಪನಕ್ಕೆ ಹೋದರೆ ಕಾರ್ಮಿಕರ 24 ತಿಂಗಳ ಬಾಕಿಯು ಬ್ಯಾಂಕಿನಂಥ ಭದ್ರತೆಯುಳ್ಳ ಸಾಲಿಗರ ಸಾಲಿನಲ್ಲೇ ಸಮನಾಗಿ ನಿಲ್ಲುತ್ತದೆ. ಭವಿಷ್ಯನಿಧಿ, ಗ್ರಾಚ್ಯುಯಿಟಿ ನಿಧಿಗಳ ಹಣವನ್ನು ಹಂಚಿಕೆಯ ಆಸ್ತಿಗೆ ಸೇರಿಸುವಂತೆಯೇ ಇಲ್ಲ.

ಠೇವಣಿ ಕಟ್ಟಿಸಿಕೊಂಡು ಮುಳುಗಿಸಿದ ಸಂಸ್ಥೆಗಳ ದಾಖಲೆ ಇವೆರಡರಲ್ಲೂ ಸಿಗದು. ಅವು 1997ರ ತಮಿಳುನಾಡು ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ವಿಶೇಷ ನ್ಯಾಯಾಲಯಗಳಿಗೆ ಹೋಗುತ್ತವೆ. 2012ರಲ್ಲಿ ಪೆರುಂದುರೈಯ ಈಮು ಕೋಳಿ ಹಗರಣ ಹೋದದ್ದು ಆ ಹಾದಿಯಲ್ಲೇ.

ಬಾಗಲೂರು ರಸ್ತೆಯ ನಿವೇಶನಕ್ಕೆ ಮರಳಿದರೆ, ಗುರುವಾರ ರಾತ್ರಿ ಮಗಳು ಮೊಬೈಲಿನಲ್ಲಿ ಪಕಾರದಿಂದ ಹುಡುಕಿದಾಗ ಮಾರುವವರ ಹೆಸರು, ಅವರ ತಂದೆಯ ಹೆಸರು ಸಹಿತ ಸಿಕ್ಕಿತೆಂದು ಇಟ್ಟುಕೊಳ್ಳಬಹುದು. ಐ.ಪಿ. ಇದೆ, ಘೋಷಣೆ ಇನ್ನೂ ಆಗಿಲ್ಲ, ಮುಂದಿನ ತಾರೀಖು ಹನ್ನೆರಡು ದಿನಗಳಾಚೆ. ಸಿವಿಲ್ ನ್ಯಾಯಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ. ಆ ದಿನ ಅರ್ಧ ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ತಂದೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಶುಕ್ರವಾರದ ಮುಂಗಡವನ್ನು ಮಾತ್ರ ಆತ ಕೊಡುವುದಿಲ್ಲ.