ಜಿಎಸ್‌ಟಿ ಇಳಿದರೂ ಕೇಕ್ ಯಾಕೆ ಅಗ್ಗವಾಗಲಿಲ್ಲ?

2025ರ ಸೆಪ್ಟೆಂಬರ್ 22ರಿಂದ ಕೇಕ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಮೂಡಿಗೆರೆಯಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುವ ನಮ್ಮ ಪಕ್ಕದ ಮನೆ ಅಕ್ಕನಿಗೆ ಆ ವಾರವೆಲ್ಲ ಒಂದೇ ಮಾತಿನ ಫೋನ್‌ಗಳು: ‘ಟ್ಯಾಕ್ಸ್ ಕಮ್ಮಿ ಆಯ್ತಲ್ಲ, ನೀವೂ ನೂರು ರೂಪಾಯಿ ಬಿಡಿ.’ ಚಿಕ್ಕಮಗಳೂರಿನಲ್ಲಿ ಬಿಇ ಓದುವ ನಾನು ವಾರಾಂತ್ಯಕ್ಕೆ ಊರಿಗೆ ಬಂದಾಗ ಅವರ ಲೆಕ್ಕ ಬರೆದುಕೊಡುತ್ತೇನೆ.

ಅಕ್ಕ ಆ ಶೇ 18ನ್ನು ಯಾರಿಂದಲೂ ವಸೂಲಿ ಮಾಡಿದವರೇ ಅಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿದಾಗ ಈ ಮಿತಿ ಎಲ್ಲರ ಬಾಯಲ್ಲಿತ್ತು. ಹಾಕದ ತೆರಿಗೆಯನ್ನು ಇಳಿಸುವುದು ಹೇಗೆ? ಅಕ್ಕನಿಗೆ ಉಳಿತಾಯವಾದದ್ದು ಖರೀದಿಯಲ್ಲಿ. ಬೆಣ್ಣೆಯ ತೆರಿಗೆ 12ರಿಂದ 5ಕ್ಕೆ, ಚಾಕೊಲೇಟಿನದು 18ರಿಂದ 5ಕ್ಕೆ ಬಂತು. ಒಂದು ಕೇಕಿಗೆ ಲೆಕ್ಕ ಹಾಕಿದರೆ ಕೆಲವೇ ರೂಪಾಯಿ. ಮೊಟ್ಟೆಗಂತೂ ಮೊದಲೂ ತೆರಿಗೆ ಇರಲಿಲ್ಲ.

ಅಲಂಕಾರದ ಕೇಕಿನಲ್ಲಿ ದುಬಾರಿಯಾದದ್ದು ಮೈದಾ, ಬೆಣ್ಣೆ ಅಲ್ಲ, ಹೊತ್ತು. ನಮ್ಮ ತೋಟಗಳಲ್ಲಿ ಇದು ಎಲ್ಲರಿಗೂ ಗೊತ್ತು. ಕಾಫಿ ಹಣ್ಣು ಕೊಯ್ಯಲು ಕೆ.ಜಿ. ಲೆಕ್ಕ, ಚಿಗುರು ತೆಗೆಯಲು ದಿನಗೂಲಿ. ತೆಗೆದ ಚಿಗುರನ್ನು ಯಾರೂ ತೂಗಿ ನೋಡುವುದಿಲ್ಲ. ಕೇಕಿಗೆ ಮಾತ್ರ ಎರಡೂ ಕೆಲಸವನ್ನು ಒಂದೇ ತಕ್ಕಡಿಗೆ ಹಾಕುತ್ತೇವೆ. ಸಕ್ಕರೆಯಲ್ಲಿ ಆನೆಮರಿ ಮಾಡಲು ನಾಲ್ಕು ಗಂಟೆ ಬೇಕು. ಕೇಕ್ ಅರ್ಧ ಕೆ.ಜಿ. ಇದ್ದರೂ ಅಷ್ಟೇ, ಎರಡು ಕೆ.ಜಿ. ಇದ್ದರೂ ಅಷ್ಟೇ. ‘ಅರ್ಧ ಕೆ.ಜಿ. ಸಾಕು, ರೇಟೂ ಅರ್ಧ ಮಾಡಿ’ ಅಂದರೆ ಲೆಕ್ಕ ಕೂಡುವುದಿಲ್ಲ. ಜತೆಗೆ ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಕೇಕ್ ತಲುಪಿಸುವ ತಿರುವುಗಳಿವೆ. ಮಳೆಗಾಲದ ಕರೆಂಟ್ ಬಗ್ಗೆ ಹೇಳುವುದೇ ಬೇಡ.

ಹಾಗಂತ ಗಿರಾಕಿಯನ್ನು ದೂರುವಂತಿಲ್ಲ. ಲೈನ್ ಮನೆಯ ಅಪ್ಪನೊಬ್ಬ ಮಗಳ ಐದನೇ ಹುಟ್ಟುಹಬ್ಬಕ್ಕೆ 600 ರೂಪಾಯಿ ಹಿಡಿದುಕೊಂಡು, ಮೊಬೈಲಿನಲ್ಲಿ 3,000 ರೂಪಾಯಿ ಕೇಕಿನ ಫೋಟೊ ತೋರಿಸಿದರೆ ಅದು ಚೌಕಾಸಿ ಅಲ್ಲ, ಆಸೆ. ಅಲ್ಲಿ ದರದ ಬದಲು ಕೆಲಸವನ್ನು ಇಳಿಸುವುದೇ ಸರಿ ಅನ್ನಿಸುತ್ತದೆ. ಒಂದೇ ಬಣ್ಣದ ಕ್ರೀಮ್, ಮಗುವಿನ ಹೆಸರು, ಮೇಲೊಂದು ಪ್ಲಾಸ್ಟಿಕ್ ಆನೆ ಇಟ್ಟರಾಯಿತು. ಸಕ್ಕರೆಯ ಆನೆಯನ್ನು ಮಕ್ಕಳು ತಿನ್ನುವುದೂ ಅಷ್ಟರಲ್ಲೇ ಇದೆ. ಅಕ್ಕ ಈಗ ‘ಎಷ್ಟರಲ್ಲಿ ಆಗಬೇಕು?’ ಎಂದು ಮೊದಲೇ ಕೇಳುತ್ತಾರೆ.

ದರವನ್ನೇ ಹಿಂಡುತ್ತಾ ಹೋದರೆ ಕತ್ತರಿ ಬೀಳುವುದು ಸಾಮಗ್ರಿಗೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ, ಪರೀಕ್ಷಿಸಿದ 235 ಕೇಕ್ ಮಾದರಿಗಳ ಪೈಕಿ 12ರಲ್ಲಿ ಅಪಾಯಕಾರಿ ಕೃತಕ ಬಣ್ಣ ಸಿಕ್ಕಿದೆ ಎಂದಿತ್ತು. ಅದಕ್ಕೆ ಅಗ್ಗದ ದರವೇ ಕಾರಣ ಎನ್ನಲಾರೆ. ಆದರೆ ಗಾಢ ಕೆಂಪು ಕೇಕನ್ನು ಕಮ್ಮಿ ದುಡ್ಡಿಗೆ ಕೇಳುವಾಗ ನೆನಪಿಗೆ ಬರುತ್ತದೆ.

ಹೋದ ವಾರ ಅಕ್ಕನ ದರಪಟ್ಟಿಯನ್ನು ಎರಡು ಸಾಲು ಮಾಡಿದೆವು: ಕೇಕಿಗೆ ಕೆ.ಜಿ. ಲೆಕ್ಕ, ಅಲಂಕಾರಕ್ಕೆ ಗಂಟೆ ಲೆಕ್ಕ. ಗಂಟೆಗೆ 100 ಹಾಕಿ ಅಂದೆ. ‘ಜನ ಬರಲ್ಲ ಕಣೋ’ ಎಂದು ಅಕ್ಕ 60 ಬರೆದರು. ಎಂಟು ಗಂಟೆಗೆ 480. ತೋಟದ ದಿನಗೂಲಿಯೂ ಹೆಚ್ಚುಕಡಿಮೆ ಅಷ್ಟೇ.