ಮೈಲೇಜ್ ಇಳಿದರೆ ಮೊದಲು ಲೆಕ್ಕ

ಕುಂಥಲಗಿರಿಗೋ ಕುಂಭೋಜ ಬಾಹುಬಲಿಗೋ ಹೊರಡುವಾಗ ‘ಕಾರು ಪೆಟ್ರೋಲ್ ಬಹಳ ಕುಡಿಯುತ್ತಿದೆ’ ಎಂಬ ಮಾತು ಮನೆಗಳಲ್ಲಿ ಬರುತ್ತದೆ. ವ್ಯಾಪಾರಸ್ಥರಾದ ನಾವು ಮೊದಲು ಲೆಕ್ಕ ನೋಡೋಣ. ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದಿಟ್ಟು, 300 ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಬೇಕು. 20 ಲೀಟರ್ ಹಿಡಿದರೆ ಮೈಲೇಜ್ 15. ಕಡಿಮೆಯೆನಿಸಿದರೆ ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿತ ನೋಡಿಸಿರಿ.

ಇವೆಲ್ಲ ಸರಿಯಿದ್ದೂ ಪಿಕಪ್ ಇಲ್ಲ, ಹೊಗೆಗೆ ಗಂಧಕದ ದುರ್ವಾಸನೆ, ಕೆಳಗೆ ತಟ್ಟಿದರೆ ಗಲಗಲ ಸದ್ದು ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಅನುಮಾನಪಡಬೇಕು. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಂಡರೆ ಹೊಗೆಗೆ ದಾರಿಯಿಲ್ಲದೆ ಎಂಜಿನ್ ಉಸಿರುಗಟ್ಟುತ್ತದೆ. ಆದರೆ ಅದು ಸಾಮಾನ್ಯವಾಗಿ ತಾನಾಗಿ ಕೆಡುವುದಿಲ್ಲ. ಪ್ಲಗ್ಗಿನ ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಸುಡುತ್ತದೆ. ಮೂಲ ರೋಗ ಬಿಟ್ಟು ಹೊಸದು ಹಾಕಿಸಿದರೆ ಅದೂ ಹಾಳು. ಹೊಗೆಯ ಒತ್ತಡ ಅಳೆಸಿದ ಮೇಲೆಯೇ ಹಣ ಬಿಚ್ಚಿರಿ.

‘ಅದನ್ನು ಕಿತ್ತು ಬರೇ ಪೈಪ್ ಹಾಕೋಣ, ಅಗ್ಗ’ ಎಂಬ ಸಲಹೆ ಬೇಡ. ಆ ವಿಷ ನೆರೆಮನೆಯ ಕೂಸು ಕುಡಿಯಬೇಕು. ವಾಯುಕಾಯ ಜೀವಗಳನ್ನೂ ಎಣಿಸುವ ನಮಗೆ ಅದು ಲಾಭವೆ? ಹಳೆಯದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಬೆಲೆ ಕಟ್ಟಿಸದೆ ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿರಿ. ಜಯ ಜಿನೇಂದ್ರ.