ಮಗುವಿನ ಪುಂಡಾಟಕ್ಕೆ ಮಗುವೊಂದೇ ಹೊಣೆಯಲ್ಲ

ಮಗು ಪುಂಡಾಟ ಮಾಡಿದರೆ ತಾಯಿಯನ್ನೋ ವಂಶವನ್ನೋ ದೂರುವುದು ರೂಢಿ. ಅಮೆರಿಕದ ನಾರ್ತ್ ಕೆರೊಲಿನಾದ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿ 1,420 ಮಕ್ಕಳ ಅಧ್ಯಯನ ನಡೆಯುತ್ತಿದ್ದಾಗಲೇ ಚೆರೋಕಿ ಬುಡಕಟ್ಟಿನ ಸದಸ್ಯರಿಗೆಲ್ಲ ಕ್ಯಾಸಿನೊ ಲಾಭದ ಪಾಲು ಸಿಗತೊಡಗಿತು. ಬಡತನ ದಾಟಿದ ಮನೆಗಳ ಮಕ್ಕಳಲ್ಲಿ ಜಗಳಗಂಟತನ, ಹಟಮಾರಿತನ ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿಯಿತು. ಹೆತ್ತವರ ನಿಗಾ ಹೆಚ್ಚಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು 2003ರಲ್ಲಿ ವಿವರಿಸಿದರು.

ಹಣವೊಂದೇ ಸಾಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಮಕ್ಕಳ ಆತಂಕ, ಖಿನ್ನತೆ ತಗ್ಗಲಿಲ್ಲ. ಬಡ ಕುಟುಂಬಗಳಿಗೆ ಬೇರೆ ಬಡಾವಣೆಗೆ ಹೋಗಲು ನೆರವಾದ ಅಮೆರಿಕದ ‘ಮೂವಿಂಗ್ ಟು ಆಪರ್ಚುನಿಟಿ’ ಪ್ರಯೋಗದಲ್ಲಂತೂ ಕಡುಬಡವರ ಬಡಾವಣೆ ಬಿಟ್ಟುಹೋದ ಹುಡುಗಿಯರ ಮಾನಸಿಕ ಆರೋಗ್ಯ ಸುಧಾರಿಸಿದರೆ, ಹುಡುಗರ ನಡವಳಿಕೆ ಹದಗೆಟ್ಟಿತು. ಆದರೆ ಇದರಿಂದ ಸಮಾಜದ ಪ್ರಭಾವ ಸುಳ್ಳಾಗುವುದಿಲ್ಲ. ಅದು ಗಂಡಿಗೂ ಹೆಣ್ಣಿಗೂ ಬೇರೆಬೇರೆಯಾಗಿ ತಟ್ಟುತ್ತದೆ ಎಂಬುದು ಖಚಿತವಾಗುತ್ತದೆ. ಮಗುವನ್ನು ದಂಡಿಸುವ ಮುನ್ನ ಶಾಲೆಯೂ ಸರ್ಕಾರವೂ ಆ ಮನೆಯ ಕಷ್ಟ ವಿಚಾರಿಸಲಿ.